ಕರುಳಿನ ಗೋಡೆಯೂ ‘ಸೈನಿಕ’ ಹೋಲಿಕೆಯ ಮಿತಿಯೂ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಬಿಳಿ ರಕ್ತಕಣಗಳ ಪಾಠ ಮಾಡುತ್ತಿದ್ದೆ. ‘ಇವು ದೇಹದ ಸೈನಿಕರು, ಎಷ್ಟು ಜೋರಾಗಿ ಹೋರಾಡಿದರೆ ಅಷ್ಟು ಒಳ್ಳೆಯದು’ ಎಂದೆ. ಒಬ್ಬ ಹುಡುಗಿ ಎದ್ದು ನಿಂತಳು. ‘ಮಿಸ್, ನಮ್ಮಕ್ಕನಿಗೆ ಕ್ರೋನ್ಸ್ ಕಾಯಿಲೆ. ಡಾಕ್ಟರು ರೋಗನಿರೋಧಕ ಶಕ್ತಿ ತಗ್ಗಿಸೋ ಇಂಜೆಕ್ಷನ್ ಕೊಡ್ತಾರೆ. ಯಾಕೆ?’ ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಅಂದು ರಾತ್ರಿ ಓದಿ ತಿಳಿದದ್ದು ಇಷ್ಟು. ಕರುಳಿನ ಒಳಪದರವು ಒಂದೇ ಸಾಲು ಜೀವಕೋಶಗಳ ಗೋಡೆ. ಕೋಶಗಳ ನಡುವಿನ ಸಂದುಗಳನ್ನು ಪ್ರೋಟೀನುಗಳು ಬಿಗಿದಿರುತ್ತವೆ. ಮೇಲೆ ಲೋಳೆಯ ಹೊದಿಕೆಯಿದೆ. ಗೋಡೆಯ ಆಚೆ ಅಸಂಖ್ಯ ಬ್ಯಾಕ್ಟೀರಿಯಾಗಳು, ಈಚೆ ಮ್ಯಾಕ್ರೋಫೇಜ್, ಟಿ-ಕೋಶ ಮೊದಲಾದ ರೋಗನಿರೋಧಕ ಕೋಶಗಳು. ಆರೋಗ್ಯವಂತ ಕರುಳಿನಲ್ಲಿ ಇವು ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಸಹಿಸಿಕೊಳ್ಳುತ್ತವೆ. ನಿಯಂತ್ರಕ ಟಿ-ಕೋಶಗಳು ಉಳಿದವುಗಳನ್ನು ಹತೋಟಿಯಲ್ಲಿಡುತ್ತವೆ.

ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಗಳಲ್ಲಿ ಈ ಹತೋಟಿ ತಪ್ಪುತ್ತದೆ. ರೋಗನಿರೋಧಕ ಕೋಶಗಳು ಟಿಎನ್‌ಎಫ್ ಎಂಬ ಸಂದೇಶವಾಹಕ ಪ್ರೋಟೀನನ್ನು ಅತಿಯಾಗಿ ಸ್ರವಿಸುತ್ತವೆ. ಅದು ಗೋಡೆಯ ಬಿಗಿತವನ್ನು ಸಡಿಲಿಸುತ್ತದೆ. ಸಂದಿನಲ್ಲಿ ಬ್ಯಾಕ್ಟೀರಿಯಾಗಳು ನುಸುಳುತ್ತವೆ. ಆಗ ಇನ್ನಷ್ಟು ಕೋಶಗಳು ಧಾವಿಸುತ್ತವೆ, ಇನ್ನಷ್ಟು ಟಿಎನ್‌ಎಫ್ ಬರುತ್ತದೆ, ಗೋಡೆ ಹುಣ್ಣಾಗುತ್ತದೆ. 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಚಿಕಿತ್ಸೆಗೆ ಅನುಮೋದನೆ ಪಡೆದ ಇನ್‌ಫ್ಲಿಕ್ಸಿಮ್ಯಾಬ್, ಟಿಎನ್‌ಎಫ್‌ಗೆ ಅಂಟಿಕೊಂಡು ಈ ಚಕ್ರವನ್ನು ತಡೆಯುತ್ತದೆ. ಆದರೆ ಸೋಂಕಿನ ಅಪಾಯ ಹೆಚ್ಚುವುದರಿಂದ ಮೊದಲೇ ಕ್ಷಯದ ಪರೀಕ್ಷೆ ಮಾಡಿಸುತ್ತಾರೆ.

ಮರುದಿನ ಎಂಟು ಮಕ್ಕಳನ್ನು ಕೈ ಕೈ ಹಿಡಿಸಿ ಗೋಡೆಯಾಗಿ ನಿಲ್ಲಿಸಿದೆ. ಹಿಂದೆ ಇಬ್ಬರು ಕಾವಲುಗಾರರು. ‘ಟಿಎನ್‌ಎಫ್’ ಎಂದಾಗಲೆಲ್ಲ ಅವರು ಒಂದು ಜೋಡಿ ಕೈ ಬಿಡಿಸಬೇಕು. ಆ ಸಂದಿನಿಂದ ಕಾಗದದ ಉಂಡೆಯೊಂದು ತೂರಿ ಬಂದರೆ ಮತ್ತೊಬ್ಬ ಕಾವಲುಗಾರ ಸೇರಿಕೊಳ್ಳಬೇಕು. ಐದೇ ನಿಮಿಷದಲ್ಲಿ ಗೋಡೆ ಚದುರಿತು. ‘ಕಾವಲುಗಾರರು ಸುಮ್ಮನಾದ್ರೆ ನಾವು ಮತ್ತೆ ಕೈ ಹಿಡ್ಕೋಬಹುದು’ ಎಂದು ಗೋಡೆಯಲ್ಲಿದ್ದವನೊಬ್ಬ ಕೂಗಿದ. ನಾನು ಹೇಳಬೇಕಿದ್ದ ಉತ್ತರ ಅದೇ.

ಆ ಹುಡುಗಿ ಕೇಳಿದಳು: ‘ಹಾಗಾದ್ರೆ ಇದು ಅಂಟೋ ರೋಗ ಅಲ್ವಾ ಮಿಸ್?’ ಅಲ್ಲ ಎಂದೆ. ‘ಅಜ್ಜಿ ಅಕ್ಕನ ತಟ್ಟೆ ಬೇರೆ ಇಟ್ಟಿದಾರೆ. ಇವತ್ತೇ ಹೇಳ್ತೀನಿ.’

ನಾವು ಕೊಡುವ ಹೋಲಿಕೆ ಮಕ್ಕಳ ಜೊತೆ ಮನೆಗೂ ಹೋಗುತ್ತದೆ. ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಹೋಲಿಕೆಯ ಪಕ್ಕದಲ್ಲಿ, ಅದು ಎಲ್ಲಿ ಹೊಂದುವುದಿಲ್ಲ ಎಂದು ಒಂದು ಸಾಲು ಬರೆದುಕೊಳ್ಳುತ್ತೇನೆ.