ದಿನ ತುಂಬದ ಶಿಶುವಿನ ರಕ್ತ ಮತ್ತು ಕಣ್ಣು

ಅವಧಿಗೆ ಮುನ್ನ ಜನಿಸಿದ ಶಿಶು ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಗಂಡಾಂತರ ಕಳೆಯಿತೆಂದು ಹಿರಿಯರು ಭಾವಿಸುವುದು ಸಹಜ. ಕಣ್ಣಿನ ಗಂಡಾಂತರ ಮಾತ್ರ ಆಗಲೂ ಉಳಿದಿರುತ್ತದೆ. ಕಣ್ಣಿನ ಒಳಪರದೆಯಾದ ಅಕ್ಷಿಪಟಲದ ರಕ್ತನಾಳಗಳು ದಿನ ತುಂಬುವವರೆಗೂ ಬೆಳೆಯುತ್ತಿರುತ್ತವೆ. ಇಂಥ ಶಿಶುಗಳಲ್ಲಿ ಅವು ದಾರಿತಪ್ಪಿ ಬೆಳೆದು ಪರದೆಯನ್ನೇ ಎಳೆದು ಕಳಚಿದರೆ ಅಂಧತ್ವ ಬರುತ್ತದೆ. ಇದನ್ನು ವೈದ್ಯರು ಆರ್.ಓ.ಪಿ. ಎನ್ನುತ್ತಾರೆ.

ಮಿತಿಮೀರಿದ ಆಮ್ಲಜನಕ ಇದಕ್ಕೆ ಕಾರಣವೆಂದು 1950ರ ದಶಕದಲ್ಲಿಯೇ ತಿಳಿಯಿತು. ರಕ್ತಕ್ಕೂ ಇದರಲ್ಲಿ ಪಾಲುಂಟು. ಶಿಶುವಿನ ಸ್ವಂತ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ವಯಸ್ಕ ದಾನಿಯದು ಸುಲಭವಾಗಿ ಬಿಟ್ಟುಕೊಡುತ್ತದೆ. ಪದೇ ಪದೇ ರಕ್ತ ಪಡೆದ ಶಿಶುಗಳಲ್ಲಿ ಈ ರೋಗ ಹೆಚ್ಚಾಗಿ ಕಾಣಲು ಇದೂ ಒಂದು ಕಾರಣವಿರಬಹುದು. ರಕ್ತಹೀನತೆ, ರಕ್ತದ ಸೋಂಕು, ಪ್ಲೇಟ್‌ಲೆಟ್ ಕೊರತೆಗಳೂ ಇದರೊಡನೆ ನಂಟು ಹೊಂದಿವೆ. ಹಾಗೆಂದು ವೈದ್ಯರು ರಕ್ತ ಕೊಡಬೇಕೆಂದಾಗ ಬೇಡವೆನ್ನಲಾಗದು; ಜೀವ ಉಳಿದರಲ್ಲವೆ ಕಣ್ಣು!

34 ವಾರಕ್ಕೆ ಮುನ್ನ ಜನಿಸಿದ, ಇಲ್ಲವೆ 2 ಕಿಲೋಗಿಂತ ಕಡಿಮೆ ತೂಗಿದ ಶಿಶುವಿನ ಕಣ್ಣನ್ನು 30 ದಿನದೊಳಗೆ, ತೀರ ಸಣ್ಣದಾದರೆ 20 ದಿನದೊಳಗೆ ತೋರಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಇದಕ್ಕೆಂದೇ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಯಿತು. ಬೈಕಂಪಾಡಿಯವರಿಗಾದರೋ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಬಸ್ಸಿನ ದಾರಿಯಲ್ಲೇ ಇವೆ. ದೂರಕ್ಕಿಂತ ಹೆಚ್ಚಾಗಿ ಅಡ್ಡ ಬರುವುದು, ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದೆಂಬ ಕಟ್ಟು. ಮೂವತ್ತನೆಯ ದಿನ ಅದರೊಳಗೇ ಬೀಳುತ್ತದೆ.