ತಾರಾ ಆಟಗಾರನಿಗೆ ಎಷ್ಟು ಕೊಡಬೇಕು?

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ನಮ್ಮ ವೀಕ್ಷಕರಲ್ಲಿ ಹಲವರು ಫುಟ್‌ಬಾಲ್ ನೋಡುವುದು ಟಿ.ವಿ.ಯಲ್ಲಿ, ಊರಲ್ಲಿ ಆಡುವುದು, ಆಡಿಸುವುದು ಕಬಡ್ಡಿಯನ್ನು. ಆದರೆ ಎರಡೂ ಆಟಗಳಲ್ಲಿ ಏಳುವ ಪ್ರಶ್ನೆ ಒಂದೇ. ಹೆಸರುವಾಸಿ ಆಟಗಾರ ಹೆಚ್ಚು ಹಣ ಕೇಳಿದಾಗ ತಂಡ ಅವನನ್ನು ಉಳಿಸಿಕೊಳ್ಳಬೇಕೆ, ಬಿಟ್ಟುಕೊಡಬೇಕೆ?

ಫುಟ್‌ಬಾಲಿನಲ್ಲಿ ನಮ್ಮ ರಾಜ್ಯದ ಉದಾಹರಣೆ ಬೆಂಗಳೂರು ಎಫ್.ಸಿ. 2013ರಲ್ಲಿ ಆರಂಭವಾದ ಈ ಕ್ಲಬ್ ಅದೇ ವರ್ಷ ಸುನಿಲ್ ಛೆಟ್ರಿಯವರನ್ನು ಸೇರಿಸಿಕೊಂಡಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಾಗಲೂ ಅವರೇ ನಾಯಕರು. 2024–25ರಲ್ಲಿ, ನಲವತ್ತರ ವಯಸ್ಸಿನಲ್ಲಿ, 14 ಗೋಲು ಹೊಡೆದು ಆ ಲೀಗಿನ ಭಾರತೀಯ ಆಟಗಾರರ ಪೈಕಿ ಎಲ್ಲರಿಗಿಂತ ಮುಂದಿದ್ದರು. ಉಳಿಸಿಕೊಂಡದ್ದು ಫಲ ಕೊಟ್ಟಿತು ಎನ್ನಬಹುದು. ಆದರೆ ಫುಟ್‌ಬಾಲ್ ಕ್ಲಬ್‌ಗಳ ಸಂಬಳದ ಲೆಕ್ಕ ಸಾಮಾನ್ಯವಾಗಿ ಹೊರಬೀಳುವುದಿಲ್ಲ. ಕಬಡ್ಡಿಯಲ್ಲಾದರೋ ಹರಾಜು ಬಹಿರಂಗ. ಆದ್ದರಿಂದ ಲೆಕ್ಕ ನೋಡಲು ಅಲ್ಲಿಗೇ ಹೋಗೋಣ.

2019ರ ಜನವರಿ 5ರಂದು ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಇಂಥವರನ್ನು ಯಾರಾದರೂ ಬಿಡುತ್ತಾರೆಯೇ? ಬುಲ್ಸ್ 2022ರಲ್ಲಿ ಬಿಟ್ಟಿತು. ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಆಗ ಒಂದು ತಂಡ ಒಟ್ಟು ಖರ್ಚು ಮಾಡಬಹುದಾಗಿದ್ದುದು 4.4 ಕೋಟಿ. ಎಂದರೆ ಅರ್ಧಕ್ಕಿಂತ ಹೆಚ್ಚು ಹಣ ಒಬ್ಬರಿಗೇ ಹೋಯಿತು. ಉಳಿದುದರಲ್ಲಿ ಮಿಕ್ಕ ಇಡೀ ತಂಡ ಕಟ್ಟಬೇಕು.

ಮುಂದೇನಾಯಿತು ನೋಡಿ. ಆ ಅಕ್ಟೋಬರಿನಲ್ಲಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ, ತಲೈವಾಸ್ ಪರ ಮೊದಲ ಪಂದ್ಯದ ಆರಂಭದಲ್ಲೇ ಪವನ್ ಅವರ ಮೊಣಕಾಲಿಗೆ ಪೆಟ್ಟಾಯಿತು. ಆ ಋತು ಅವರ ಪಾಲಿಗೆ ಅಲ್ಲಿಗೇ ಮುಗಿಯಿತು. ಸೋಜಿಗವೆಂದರೆ, ಅವರಿಲ್ಲದ ತಲೈವಾಸ್ ಸೆಮಿಫೈನಲ್ ತಲುಪಿತು. ಬುಲ್ಸ್ ಕೂಡ ತಲುಪಿತು. ಬುಲ್ಸ್ 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲಾ ಅವರನ್ನು ತಂದಿತ್ತು. ಆದರೆ ಹೆಚ್ಚು ರೈಡ್ ಅಂಕ ತಂದವರು ತಂಡದಲ್ಲೇ ಬೆಳೆಯುತ್ತಿದ್ದ ಯುವಕ ಭರತ್.

ಮರುವರ್ಷ ಖರ್ಚಿನ ಮಿತಿ 5 ಕೋಟಿಯಾಯಿತು. ತೆಲುಗು ಟೈಟನ್ಸ್ ಪವನ್ ಅವರಿಗೆ 2.605 ಕೋಟಿ ಕೊಟ್ಟಿತು. ಅವರು ಇನ್ನೂರಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದರು, ಕೊರತೆ ಅವರದಲ್ಲ. ಆದರೂ ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನದಲ್ಲಿ ಉಳಿಯಿತು. ಸಂತೆಯಲ್ಲಿ ದುಬಾರಿ ಎತ್ತು ತಂದು, ಜೊತೆಗೆ ಬಡಕಲು ಎತ್ತು ಕಟ್ಟಿದರೆ ಉಳುಮೆ ಹೇಗೆ ಸಾಗೀತೆಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ಬಿಟ್ಟುಕೊಟ್ಟವರೆಲ್ಲ ಜಾಣರೂ ಅಲ್ಲ. ಬುಲ್ಸ್ 2024ರಲ್ಲಿ ತನ್ನ ಹಳೆಯ ಆಟಗಾರ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ಮರಳಿ ತಂದು, ಕೊನೆಯ ಸ್ಥಾನಕ್ಕೆ ಇಳಿಯಿತು. ಬೆಲೆ ಕಡಿಮೆಯಾದ ಮಾತ್ರಕ್ಕೆ ತಂಡ ಗಟ್ಟಿಯಾಗದು. ನಮ್ಮ ಅಭಿಪ್ರಾಯ ಇಷ್ಟು: ಆಟಗಾರ ಕೇಳುವ ಮೊತ್ತಕ್ಕಿಂತ, ಅದನ್ನು ಕೊಟ್ಟ ಮೇಲೆ ಮಿಕ್ಕವರಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಸುತ್ತಲಿನ ತಂಡ ಆಗಲೇ ಗಟ್ಟಿಯಾಗಿದ್ದರೆ ತಾರೆಗೆ ಹೆಚ್ಚು ಕೊಟ್ಟು ಉಳಿಸಿಕೊಳ್ಳುವುದು ಸರಿ. ಟೊಳ್ಳಾಗಿದ್ದರೆ ಅದೇ ಹಣ ಮೂವರು ಒಳ್ಳೆಯ ಡಿಫೆಂಡರ್‌ಗಳಿಗೆ ಹೋಗುವುದು ಲೇಸು.

ನಿಮ್ಮೂರಿನಲ್ಲಿ ಜಾತ್ರೆಯ ಹೊತ್ತಿಗೆ ಪಟ್ಟಿ ಎತ್ತಿ ಹೊರಗಿನಿಂದ ಒಬ್ಬ ರೈಡರ್‌ನನ್ನು ಕರೆಸುವುದುಂಟೇ? ಹಾಗಿದ್ದರೆ ಈ ಲೆಕ್ಕ ನಿಮಗೂ ಸಲ್ಲುತ್ತದೆ. ಅವನು ಪಂದ್ಯ ಮುಗಿಸಿ ಮೋಟಾರು ಹತ್ತಿ ಹೋಗುತ್ತಾನೆ. ವರ್ಷವಿಡೀ ಮಣ್ಣಿನಲ್ಲಿ ಆಡುವ ನಿಮ್ಮ ಹುಡುಗರಿಗೆ ಮೊಣಕಾಲು ಪಟ್ಟಿಯೂ ಇರುವುದಿಲ್ಲ. ಮುಂದಿನ ಸಲ ಹೊರಗಿನವನ ಮೊತ್ತ ನಿಗದಿ ಮಾಡುವ ಮೊದಲು, ಗಾಯಗೊಂಡ ಹುಡುಗನನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸುವ ಖರ್ಚನ್ನಾದರೂ ಬೇರೆ ತೆಗೆದಿಡಿ. ಉಳಿದುದರಲ್ಲಿ ಅವನೊಂದಿಗೆ ಮಾತುಕತೆ ನಡೆಸಿ.