ತೆಳುಗೋಡೆಯನ್ನು ಕೊರೆಯುವ ಬಗೆ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹೆಸರು ಈಗ ವಿಜ್ಞಾನದೊಡನೆ ಬೆರೆತುಹೋಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಅಲ್ಲಿದೆ, ಅದರೊಳಗೆ ಎಚ್.ಎ.ಎಲ್. ನೆರವಿನಿಂದ ಎದ್ದ ಕೌಶಲ್ಯಾಭಿವೃದ್ಧಿ ಕೇಂದ್ರವೂ ಇದೆ. ಇದೇ ತಾಲ್ಲೂಕಿನ ವಿಮಾನ ಪರೀಕ್ಷಾ ಕ್ಷೇತ್ರದಲ್ಲಿ ೨೦೨೩ರ ಏಪ್ರಿಲ್ ೨ರಂದು ಇಸ್ರೋದ ರೆಕ್ಕೆಯುಳ್ಳ ವಾಹನವೊಂದು ಚಾಲಕನಿಲ್ಲದೆ ತಾನೇ ನೆಲಕ್ಕಿಳಿಯಿತು. ವಿಮಾನದ ಭಾಗಗಳನ್ನು ತಯಾರಿಸುವಾಗ ಒದಗುವ ಒಂದು ತೊಡಕನ್ನು ಕಲಾವಿಭಾಗದ ಮಿತ್ರರಿಗೂ ತಿಳಿಯುವಂತೆ ಹೇಳಬೇಕೆಂಬುದು ನನ್ನ ಆಸೆ.

ವಿಮಾನದ ಭಾಗವು ಹಗುರವಾಗಿರಬೇಕು, ಗಟ್ಟಿಯಾಗಿಯೂ ಇರಬೇಕು. ಆದುದರಿಂದ ಅನೇಕ ಭಾಗಗಳನ್ನು ತುಂಡುಗಳಿಂದ ಜೋಡಿಸದೆ, ಒಂದೇ ಅಲ್ಯೂಮಿನಿಯಂ ಗಟ್ಟಿಯನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೊರೆದು ತೆಗೆಯುತ್ತಾರೆ. ಕೆಲವೊಮ್ಮೆ ಲೋಹದ ನೂರಕ್ಕೆ ತೊಂಬತ್ತು ಪಾಲು ಚೂರಾಗಿ ಹೋಗಿ, ತೆಳ್ಳನೆಯ ಗೋಡೆಗಳು ಮಾತ್ರ ಉಳಿಯುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ. ತಿರುಗುವ ಕಟ್ಟರ್ ಒತ್ತಿದಾಗ ಗೋಡೆ ಹಿಂದಕ್ಕೆ ಬಾಗುತ್ತದೆ; ಕಟ್ಟರ್ ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಹೀಗಾಗಿ ಕತ್ತರಿಸಬೇಕಾದಷ್ಟು ಲೋಹ ಹೋಗದೆ, ಮೇಲಂಚು ದಪ್ಪವಾಗಿ ಉಳಿಯುತ್ತದೆ. ಗೋಡೆಯ ದಪ್ಪ ಅರ್ಧವಾದರೆ, ಅದೇ ಒತ್ತಡಕ್ಕೆ ಬಾಗು ಎಂಟರಷ್ಟಾಗುತ್ತದೆ! ೨ ಮಿಲಿಮೀಟರ್ ಗೋಡೆ ೨.೨ ಆಗಿ ಉಳಿದರೆ ಅದರ ಭಾರ ಹತ್ತರಲ್ಲೊಂದು ಪಾಲು ಹೆಚ್ಚಿತು. ಮಿತಿಗಿಂತ ತೆಳುವಾದರಂತೂ, ಹೋದ ಲೋಹವನ್ನು ಮತ್ತೆ ಅಂಟಿಸುವಂತಿಲ್ಲ. ಅಷ್ಟೂ ದುಡಿಮೆ ವ್ಯರ್ಥ.

ಪರಿಹಾರವೇನು? ನಮ್ಮ ಕುಂಬಾರರನ್ನು ನೋಡಿರಿ. ಮಡಕೆಯ ಒಳಗೆ ಕಲ್ಲನ್ನು ಒತ್ತಿ ಹಿಡಿದೇ ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಾರೆ. ಯಂತ್ರಶಾಲೆಯಲ್ಲಿಯೂ ಗೋಡೆಗೆ ಆಸರೆ ಬೇಕು. ಕೊರೆದ ಗುಳಿಯಲ್ಲಿ ಮೇಣವನ್ನೋ ಬೇಗ ಕರಗುವ ಲೋಹವನ್ನೋ ತುಂಬಿ, ಕೆಲಸ ಮುಗಿದ ಮೇಲೆ ಕರಗಿಸಿ ತೆಗೆಯುವುದುಂಟು. ಅದಕ್ಕಿಂತ ಸುಲಭವಾದ ಆಸರೆಯೆಂದರೆ ಇನ್ನೂ ಕೊರೆಯದ ಲೋಹವೇ. ಒಂದು ಮಗ್ಗುಲನ್ನು ತಳದವರೆಗೆ ಮುಗಿಸಿಬಿಡದೆ, ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಎರಡು ಮಗ್ಗುಲನ್ನೂ ಸರದಿಯಂತೆ ಕೊರೆಯುತ್ತ ಇಳಿದರೆ, ಕೆಳಗಿನ ದಪ್ಪ ಭಾಗ ಮೇಲಿನ ಗೋಡೆಯನ್ನು ಹಿಡಿದುಕೊಂಡಿರುತ್ತದೆ.

ಕಟ್ಟರ್ ಹರಿತವಾಗಿರಬೇಕು, ಕೊನೆಯ ಸುತ್ತಿನಲ್ಲಿ ತೆಳುವಾಗಿಯೇ ಕತ್ತರಿಸಬೇಕು. ತಿರುಗುವ ವೇಗವನ್ನೂ ವಿಚಾರಿಸಿ ಆರಿಸಬೇಕು; ಕೆಲವು ವೇಗಗಳಲ್ಲಿ ಗೋಡೆಯ ನಡುಕ ಬೆಳೆಯುತ್ತ ಹೋಗಿ ಮೈಮೇಲೆ ಅಲೆಯಂಥ ಗುರುತುಗಳನ್ನು ಬಿಡುತ್ತದೆ. ಲೋಹವನ್ನು ಕಾಸಿ ತಣಿಸಿದಾಗ ಅದರೊಳಗೆ ಬಿಗುವು ಸೇರಿಕೊಂಡಿರುತ್ತದೆ; ಒಂದು ಕಡೆ ಕೊರೆದೊಡನೆ ಭಾಗವು ಸೊಟ್ಟಗಾಗಬಹುದು. ಅದಕ್ಕಾಗಿ ಮೊದಲು ಒರಟಾಗಿ ಕೊರೆದು, ಹಿಡಿಕೆಯನ್ನು ಸಡಿಲಿಸಿ, ತರುವಾಯ ಮೃದುವಾಗಿ ಹಿಡಿದು ಮುಗಿಸುತ್ತಾರೆ. ಬಿಸಿಯೂ ವೈರಿಯೇ: ಒಂದು ಮೀಟರ್ ಅಲ್ಯೂಮಿನಿಯಂ ೧೦ ಡಿಗ್ರಿ ಬಿಸಿಯೇರಿದರೆ ಸುಮಾರು ೦.೨೩ ಮಿಲಿಮೀಟರ್ ಹಿಗ್ಗುತ್ತದೆ. ಆದುದರಿಂದ ತಣಿಸುವ ದ್ರವವನ್ನು ಸುರಿಸುತ್ತಾರೆ. ಅಳತೆಯನ್ನು ಭಾಗವು ತಣಿದ ಮೇಲೆಯೇ ತೆಗೆಯುತ್ತಾರೆ.

ಇಷ್ಟಾದರೂ ಉಳಿಯುವ ಬಾಗನ್ನು ಅಳೆದು, ಅಷ್ಟರಮಟ್ಟಿಗೆ ಕಟ್ಟರಿನ ದಾರಿಯನ್ನು ಗೋಡೆಯತ್ತ ಸರಿಸಬಹುದು. ಆದರೆ ದಾರಿ ಸರಿದರೆ ಒತ್ತಡವೂ ಬದಲಾಗುತ್ತದೆ. ಒತ್ತಡ ಬದಲಾದರೆ ಬಾಗೂ ಬೇರೆಯಾಗುತ್ತದೆ. ಆದಕಾರಣ ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು.

ಬೆಲೆಬಾಳುವ ಯಂತ್ರವಿದ್ದ ಮಾತ್ರಕ್ಕೆ ಭಾಗ ಸರಿಯಾಗಿ ಬರುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಯಾವುದನ್ನು ಮೊದಲು ಕೊರೆಯಬೇಕು, ಯಾವುದನ್ನು ಆಸರೆಗೆ ಉಳಿಸಬೇಕು ಎಂದು ಮುಂಚಿತವಾಗಿ ಯೋಚಿಸುವವರು ಬೇಕು. ನಮ್ಮ ಸೀಮೆಯ ಹುಡುಗರೂ ಹುಡುಗಿಯರೂ ಈ ವಿದ್ಯೆಯನ್ನು ಕಲಿತು ಅಂಥವರಾಗಲಿ.